ದಾರಿಗೆ ಅಡ್ಡ ಕೂತ ನಾಗಪ್ಪ

ಯಲ್ದೂರು
೩ ಫೆಬ್ರವರಿ ೨೦೨೫

ಪ್ರಿಯ ಶ್ರೀವಾಣಿ,

ಇವತ್ತು ಬೆಳಿಗ್ಗೆ ನಮ್ಮ ಕಾರಿನ ವೈಪರಿಗೆ ಒಂದು ಹಿಪ್ಪುನೇರಳೆ ಎಲೆ ಸಿಕ್ಕಿಕೊಂಡಿತ್ತು. ಅಂಗಳ ಗುಡಿಸಲು ಹೋದಾಗ ನೋಡಿದೆ. ಎಲೆಯ ಮೇಲೆ ಇನ್ನೂ ನೀರಿನ ಹನಿ ಇತ್ತು. ಚೆಂದವಿದೆ ಅಂದುಕೊಳ್ಳುವಷ್ಟರಲ್ಲಿ ಅಪ್ಪ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದರು. ಅದು ಸಾಕ್ಷಿಯಂತೆ. ನೌಕರಿಯುದ್ದಕ್ಕೂ ಮಕ್ಕಳ ಕಾಪಿ ಚೀಟಿ ಹಿಡಿದ ಹೆಡ್‌ಮಾಸ್ಟರು ನಿವೃತ್ತರಾದ ಮೇಲೆ ಎಲೆ ಹಿಡಿಯುತ್ತಿದ್ದಾರೆ.

ನೀನು ನಮ್ಮ ಮನೆ ನೋಡಿಲ್ಲ. ಊರ ರಸ್ತೆಯಿಂದ ಒಳಕ್ಕೆ ಒಂದು ಮಣ್ಣಿನ ದಾರಿ. ದಾರಿಯ ಬಾಯಲ್ಲಿ ನಾವು. ಕೊನೆಯಲ್ಲಿ ಮುನಿಯಲ್ಲಮ್ಮ ಎಂಬವರ ಮನೆ, ಅದಕ್ಕೆ ಅಂಟಿಕೊಂಡು ಅವರ ರೇಷ್ಮೆ ಹುಳುಮನೆ. ದಾರಿ ಇಬ್ಬರಿಗೂ ಸೇರಿದ್ದು. ಅಣ್ಣ ಅಮರನಾಥ್ ಕಾರು ತಂದಾಗಿನಿಂದ ಅದನ್ನು ಈ ದಾರಿಯಲ್ಲೇ ನಿಲ್ಲಿಸುತ್ತಾನೆ. ಕಾಂಪೌಂಡಿನೊಳಗೆ ಜಾಗವಿಲ್ಲ ಎಂದಲ್ಲ. ಅಲ್ಲಿ ಅಪ್ಪನ ಬೀಳ್ಕೊಡುಗೆಗೆ ಶಾಲೆಯವರು ಕೊಟ್ಟ ಸಿಮೆಂಟ್ ಬೆಂಚು ಇದೆ. ಅದನ್ನು ಕದಲಿಸಿದರೆ ಶಿಕ್ಷಣ ಇಲಾಖೆಯೇ ಕದಲಿದಂತೆ. ಹೀಗಾಗಿ ಮುನಿಯಲ್ಲಮ್ಮನ ಮಗ ಕದಿರೇಶ ಸೊಪ್ಪು ತುಂಬಿದ ಟೆಂಪೋವನ್ನು ಕಾರಿಗೂ ಗೋಡೆಗೂ ನಡುವೆ ತೂರಿಸುತ್ತಾನೆ, ಒಮ್ಮೊಮ್ಮೆ ಉಜ್ಜುತ್ತಾನೆ.

ಅವರೂ ಏನು ಕಡಿಮೆಯಿಲ್ಲ. ಟೆಂಪೋ ಹಿಂದೆ ‘ತಾಯಿಯ ಆರ್ಶಿವಾದ’ ಎಂದು ಬರೆಸಿದ್ದಾರೆ. ದಿನಾ ಆ ಒತ್ತನ್ನು ನೋಡಿ ನನ್ನ ಎಂ.ಎ. ಪದವಿಗೆ ಹೊಟ್ಟೆನೋವು ಬರುತ್ತದೆ. ನಮ್ಮ ಗೇಟಿನ ಮುಂದೆಯೇ ಗಾಡಿ ನಿಲ್ಲಿಸಿ ಸೊಪ್ಪು ಇಳಿಸುತ್ತಾರೆ, ಹಾರ್ನ್ ಒತ್ತಿ ಹಿಡಿಯುತ್ತಾರೆ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗಾಡುತ್ತಾರೆ. ಇವತ್ತು ಕದಿರೇಶನಿಗೂ ಅಪ್ಪನಿಗೂ ಆದ ಜಗಳ ಹೀಗೆ ಮುಗಿಯಿತು:

“ಮೇಷ್ಟ್ರೇ, ಕಾರ್ ಒಳಕ್ಕೆ ಹಾಕ್ಕೊಳ್ಳಿ. ಜಾಗ ಐತಲ್ಲ.”

“ನನ್ನ ಮನೆ ಮುಂದೆ ನಾನು ನಿಲ್ಲಿಸ್ತೀನಿ. ನಿನ್ನನ್ನ ಕೇಳ್ಬೇಕಾ?”

“ಮನೆ ನಿಮ್ದು ಸ್ವಾಮಿ, ದಾರಿ ನಿಮ್ದಾ? ಒಂದು ಎಲೆ ಬಿದ್ರೆ ಕಾರ್ ಸತ್ತೋಯ್ತಾ?”

ಪಂಚಾಯಿತಿಯಿಂದ ಪಿ.ಡಿ.ಓ. ಬಂದು ನೋಡಿ, ದಾರಿಯಲ್ಲಿ ಯಾರೂ ಗಾಡಿ ನಿಲ್ಲಿಸಬಾರದು ಎಂದು ಹೇಳಿ ಹೋದರು. ‘ಯಾರೂ’ ಎಂಬ ಪದದಲ್ಲಿ ತಾವೂ ಸೇರಿದ್ದೇವೆ ಎಂಬುದನ್ನು ಅಪ್ಪ ಇನ್ನೂ ನಂಬಿಲ್ಲ. ನಾನು ಎಂದಿನಂತೆ ಕಿಟಕಿಯ ಹಿಂದೆ ಇದ್ದೆ.

ನಿಮ್ಮ ಅಂಗಳದಲ್ಲಿ ಕಲ್ಲು ಕೊಯ್ಯುವ ಮಿಷನ್ನು, ನಮ್ಮಲ್ಲಿ ಗೋಡೆಗೊಂದು ಕಿವಿ. ಫೋನ್ ಬೇಡ, ಕಾಗದ ಬರೆಯೋಣ ಅಂತ ಹಾಸ್ಟೆಲ್ ಬಿಡುವಾಗ ಮಾಡಿಕೊಂಡ ಒಪ್ಪಂದ ಒಳ್ಳೆಯದೇ ಆಯಿತು. ಬರಿ.

ನಿನ್ನ,
ಧನಶ್ರೀ


ಶಿವಾರಪಟ್ಟಣ
೯ ಫೆಬ್ರವರಿ ೨೦೨೫

ಲೇ ಧನಾ,

ನಿನ್ನ ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ನಿಮ್ಮಪ್ಪನ ಕೈಗೆ ಒಂದು ಭೂತಗನ್ನಡಿ ಕೊಡಿಸು.

ಹುಳು ಸಾಕುವವರ ಜೊತೆ ಕಾನೂನು ಮಾತಾಡಿದರೆ ಏನು ಪ್ರಯೋಜನ? ನಾನೊಂದು ಉಪಾಯ ಹೇಳುತ್ತೇನೆ. ಪಟ್ಟಣದಲ್ಲಿ ಗೋಡೆಗೆ ದೇವರ ಟೈಲ್ಸ್ ಅಂಟಿಸುತ್ತಾರಲ್ಲ, ಯಾರೂ ಉಚ್ಚೆ ಹೊಯ್ಯದಿರಲಿ ಅಂತ? ಹಾಗೆ ನಿಮ್ಮ ದಾರಿಗೊಂದು ನಾಗರಕಲ್ಲು ನೆಡಿಸಿಬಿಡು. ಕಾರಿಗೆ ಉಜ್ಜುವವನು ನಾಗಪ್ಪನಿಗೆ ಉಜ್ಜುತ್ತಾನಾ? ನಮ್ಮ ಅಂಗಳದಲ್ಲೇ ಅಪ್ಪ ಕೆತ್ತಿದ್ದೊಂದು ಬಿದ್ದಿದೆ. ಯಾರೋ ಆರ್ಡರ್ ಕೊಟ್ಟು ಮರೆತು ಹೋದದ್ದು. ಅಮ್ಮ ಅದರ ಬೆನ್ನ ಮೇಲೆ ಬಟ್ಟೆ ಒಗೆಯುತ್ತಾಳೆ. ಬೇಕಿದ್ದರೆ ಹೇಳು, ಸಾಬೂನಿನ ವಾಸನೆ ತೊಳೆದು ಕಳಿಸುತ್ತೇನೆ.

ನಾನೀಗ ಅಂಗಡಿಯ ಗಿರಾಕಿಗಳಿಗೆ ಕಾಫಿ ಕೊಡುವುದರಲ್ಲಿ ಸ್ನಾತಕೋತ್ತರ ಪದವೀಧರೆ. ಮುಂದಿನ ಕಾಗದದಲ್ಲಿ ಆ ‘ಆರ್ಶಿವಾದ’ದವನ ಬಗ್ಗೆ ಇನ್ನಷ್ಟು ಬರಿ.

ಶ್ರೀವಾಣಿ


ಯಲ್ದೂರು
೨೩ ಫೆಬ್ರವರಿ ೨೦೨೫

ಪ್ರಿಯ ಶ್ರೀವಾಣಿ,

ನೀನು ತಮಾಷೆಗೆ ಬರೆದದ್ದು ನಿಜವಾಯಿತು. ಹೇಗಾಯಿತು ಅಂತ ಈಗ ಕೇಳಬೇಡ. ಮೊನ್ನೆ ಶುಕ್ರವಾರ ನಮ್ಮ ದಾರಿಯಲ್ಲಿ ನಾಗಪ್ರತಿಷ್ಠೆ ನಡೆಯಿತು.

ಅಪ್ಪನಿಗೆ ಕನಸಿನಲ್ಲಿ ಹಾವು ಬಂದಿತಂತೆ. ಅಪ್ಪನ ಕನಸಿಗೆ ಬರಬೇಕಾದರೆ ಹಾವಾದರೂ ಒಂದು ಅರ್ಜಿ ಕೊಡಬೇಕು, ಅದರಲ್ಲಿ ತಪ್ಪಿದ್ದರೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಇರಲಿ, ಬಂದಿತಂತೆ. ಮನೆಗೆ ಯಾವುದೋ ದೋಷವಂತೆ. ನಾಗರಕಲ್ಲು ಅಶ್ವತ್ಥದ ಕೆಳಗಿರಬೇಕು ಅಂತ ಅರ್ಚಕರು ತಕರಾರು ತೆಗೆದಾಗ, ಅಪ್ಪ ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ಅಂಗೈ ಎತ್ತರದ ಅರಳಿ ಸಸಿಯನ್ನು ತೋರಿಸಿದರು. ಅಮ್ಮ ಅದನ್ನು ಕಿತ್ತು ಹಾಕು ಅಂತ ದೀಪಾವಳಿಯಿಂದ ಹೇಳುತ್ತಿದ್ದಳು. ಈಗ ಅದಕ್ಕೆ ಅರಿಸಿನ ದಾರ ಸುತ್ತಿದೆ.

ಕಲ್ಲನ್ನು ನೆಟ್ಟ ಜಾಗ ನೋಡಿದರೆ ಕನಸಿಗೆ ಬಂದ ಹಾವು ಡ್ರೈವಿಂಗ್ ಕಲಿತದ್ದಿರಬೇಕು. ಅಣ್ಣನ ಕಾರು ರಸ್ತೆಯಿಂದ ಬಂದು ಕಲ್ಲಿನ ಈಚೆ ಸಲೀಸಾಗಿ ನಿಲ್ಲುತ್ತದೆ. ಕಲ್ಲು ದಾಟಿ ಒಳಗೆ ಹೋಗಲು ಟೆಂಪೋಗೆ ಆಗುವುದಿಲ್ಲ.

ಮಧ್ಯಾಹ್ನ ಕದಿರೇಶ ಸೊಪ್ಪಿನ ಲೋಡು ತಂದ. ಹಾರ್ನ್ ಒತ್ತಲು ಹೋದವನು ಕೈ ತೆಗೆದ. ಇಳಿದ. ಚಪ್ಪಲಿ ಬಿಟ್ಟ. ಕಲ್ಲಿಗೆ ಕೈ ಮುಗಿದು ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದ. ಅಷ್ಟೇ. ಪಂಚಾಯಿತಿಗೆ ಬಗ್ಗದವನು ಅರಿಸಿನ ಕುಂಕುಮಕ್ಕೆ ಬಗ್ಗಿದ. ನನಗೆ ನಗು ಬಂತು. ಒಳಗೆ ಅಪ್ಪ ಅಣ್ಣನಿಗೆ ಹೇಳುತ್ತಿದ್ದರು: “ನೋಡಿದೇನೋ, ಮೂಢಜನಕ್ಕೆ ಮೂಢ ಔಷಧಿ.” ಎಷ್ಟೋ ವರ್ಷ ವಿಜ್ಞಾನ ಪಾಠ ಮಾಡಿದ ಬಾಯಿ ಅದು.

ಕಲ್ಲು ನಿಮ್ಮ ಕಡೆಯದೇ ಇರಬೇಕು ಅಂತ ನನ್ನ ಅನುಮಾನ. ನಿನಗೇನಾದರೂ ಗೊತ್ತೇ?

ನಿನ್ನ,
ಧನಶ್ರೀ


ಶಿವಾರಪಟ್ಟಣ
೨ ಮಾರ್ಚ್ ೨೦೨೫

ಧನಾ,

ಗೊತ್ತು. ನಿಮ್ಮಪ್ಪ, ನಿಮ್ಮಣ್ಣ ಇಬ್ಬರೂ ನಮ್ಮ ಅಂಗಡಿಗೆ ಬಂದಿದ್ದರು. ನಾನೇ ಕಾಫಿ ಕೊಟ್ಟೆ. ನಿಮ್ಮಪ್ಪ ನನ್ನ ಕಡೆ ನೋಡಿ, “ನೀನೇನಮ್ಮ ಶ್ರೀವಾಣಿ? ನಿನ್ನ ಕಾಗದ ಕೇಳಿದ್ದೀನಿ. ಬುದ್ಧಿವಂತೆ” ಅಂದರು. ನಾನು ನಿನಗೆ ಬರೆಯುತ್ತೇನೆ ಅಂದುಕೊಂಡಿದ್ದೆ, ನಿಮ್ಮ ಮನೆಗೆಲ್ಲ ಅಲ್ಲ.

ಆದರೆ ನನಗೆ ಬೇಜಾರಾದದ್ದು ಅದಕ್ಕಲ್ಲ. ಯಾವ ದೋಷಕ್ಕೆ ಕಲ್ಲು ಅಂತ ನಮ್ಮಪ್ಪ ಕೇಳಿದಾಗ, “ಮಗಳಿಗೆ, ಮದುವೆ ಅಡ್ಡ ಬೀಳ್ತಾ ಇದೆ” ಅಂದರು. ನಿನಗೆ ಸಂಬಂಧಗಳು ಬಂದು ತಪ್ಪುತ್ತಿವೆ, ನೀನು ನನಗೆ ಒಂದು ಮಾತೂ ಬರೆದಿಲ್ಲ. ಎಲೆ, ವೈಪರು, ಟೆಂಪೋ, ಬರಹದ ತಪ್ಪು ಎಲ್ಲಾ ಬರೆದೆ. ನೋವಿನ ವಿಷಯ ಬರೆಯಲು ನಾನು ಬೇಡವಾದೆನಾ? ‘ಮನೆಗೆ ಯಾವುದೋ ದೋಷ’ ಅಂತ ಸುತ್ತಿ ಬಳಸಿ ಬರೆಯುವ ಅಗತ್ಯ ಇರಲಿಲ್ಲ.

ಹೋಗಲಿ ಬಿಡು. ನಾಗಪ್ಪ ಒಳ್ಳೆಯದು ಮಾಡಲಿ. ಹುಡುಗ ಎಲ್ಲಿಯವನು ಅಂತ ಗೊತ್ತಾದಾಗ ತಿಳಿಸು.

ಶ್ರೀವಾಣಿ


ಯಲ್ದೂರು
೧೪ ಮಾರ್ಚ್ ೨೦೨೫

ಪ್ರಿಯ ಶ್ರೀವಾಣಿ,

ಹುಡುಗ ಎಲ್ಲಿಯವನೂ ಅಲ್ಲ. ಯಾವ ಸಂಬಂಧವೂ ಬಂದಿಲ್ಲ, ತಪ್ಪಿಯೂ ಇಲ್ಲ. ನನಗೆ ಜಾತಕವನ್ನೇ ಬರೆಸಿಲ್ಲ. ಇಲ್ಲದ ಜಾತಕದಲ್ಲಿ ಇರುವ ದೋಷ ಇದು.

ನಿನ್ನ ಉಪಾಯದ ಕಾಗದವನ್ನು ಊಟಕ್ಕೆ ಕೂತಾಗ ನಾನೇ ಓದಿ ಹೇಳಿದ್ದೆ. ಆ ವಾರ ಮನೆಯಲ್ಲಿ ದಾರಿಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ, ಸ್ವಲ್ಪ ನಗಲಿ ಅನ್ನಿಸಿತು. ಅಮ್ಮ ನಕ್ಕಳು, ಅಣ್ಣ ನಕ್ಕ. ಅಪ್ಪ ಮಾತ್ರ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಪ್ರತಿಷ್ಠೆಯ ದಿನ, ಯಾರ ಹೆಸರಲ್ಲಿ ಸಂಕಲ್ಪ ಅಂತ ಅರ್ಚಕರು ಕೇಳಿದಾಗ ನನ್ನನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಳ್ಳಿದರು. ನಾನು ಒದ್ದೆ ಕೂದಲಲ್ಲಿ ನಿಂತು ಹೆಸರು, ನಕ್ಷತ್ರ ಹೇಳಿದೆ. ಕಾಗದದಲ್ಲಿ ನನಗೆ ಎಷ್ಟು ನಾಲಿಗೆ ಇದೆ ಅಂತ ನಿನಗೆ ಗೊತ್ತು. ಅಂಗಳದಲ್ಲಿ ಅದು ಇರುವುದಿಲ್ಲ.

ಈಗ ಬೀದಿಯ ಹೆಂಗಸರು ನೆಗಡಿ ವಿಚಾರಿಸುವ ಹಾಗೆ ವಿಚಾರಿಸುತ್ತಾರೆ: “ಏನ್ ಧನಮ್ಮಾ, ದೋಷ ಸ್ವಲ್ಪ ಕಮ್ಮಿ ಆಯ್ತಾ?” ಶಿವರಾತ್ರಿಯಿಂದ ಜನ ಹೆಚ್ಚಿದ್ದಾರೆ. ಹಾಲು, ಮೊಟ್ಟೆ, ಬಾಳೆಹಣ್ಣು. ಬೆಳಿಗ್ಗೆ ಸಂಜೆ ಕೆಂಡದ ಮೇಲೆ ಸಾಂಬ್ರಾಣಿ. ಕಂತೆಗಟ್ಟಲೆ ಊದುಬತ್ತಿ. ಅಪ್ಪ ಸಿಮೆಂಟ್ ಬೆಂಚಿನ ಮೇಲೆ ಕೂತು ಸರತಿಯ ಸಾಲನ್ನು ನೆಟ್ಟಗೆ ಮಾಡುತ್ತಾರೆ. ಮತ್ತೆ ಒಂದು ಶಾಲೆ ಸಿಕ್ಕಿದಂತಾಗಿದೆ ಅವರಿಗೆ. ಭಕ್ತರನ್ನು ನೋಡಿ ನನಗೆ ಬರುವ ಜಿಗುಪ್ಸೆ ದೊಡ್ಡದೋ, ಭಕ್ತಿಯಿಲ್ಲದೆ ತೀರ್ಥ ಕೊಡುವ ಅಪ್ಪನನ್ನು ನೋಡಿ ಬರುವುದು ದೊಡ್ಡದೋ, ಹೇಳಲಾರೆ.

ಮೊನ್ನೆ ಸಂಜೆ ಮುನಿಯಲ್ಲಮ್ಮ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದರು. ಟೆಂಪೋ ರಸ್ತೆಯಲ್ಲೇ ನಿಲ್ಲುತ್ತದೆ, ಅಲ್ಲಿಂದ ಹೊರೆ ಹೊರೆಯಾಗಿ ಹೊರುತ್ತಾರೆ. ನಾನು ಗೇಟಿನಲ್ಲಿದ್ದೆ, ಒಳಗೆ ಓಡಲು ಆಗಲಿಲ್ಲ.

“ಯಾಕಮ್ಮಣ್ಣಿ ಅಂಗೆ ನೋಡ್ತೀಯಾ? ಬಾ, ಹುಳ ನೋಡೀವಂತೆ. ಎದ್ರುಗೇ ಇದ್ದು ಒಂದು ದಿನಾನೂ ಬಂದಿಲ್ಲ ನೀನು.”

ಹೋದೆ. ಹುಟ್ಟಿದಾಗಿನಿಂದ ಇದೇ ದಾರಿಯಲ್ಲಿ ಬೆಳೆದವಳು ಮೊದಲ ಸಲ ಅದರ ಇನ್ನೊಂದು ತುದಿಗೆ ಹೋದೆ. ಬಾಗಿಲಲ್ಲಿ ಕಾಲು ತೊಳೆಸಿದರು, ತಲೆಯಲ್ಲಿದ್ದ ಮಲ್ಲಿಗೆ ತೆಗೆಸಿದರು. ಹುಳುವಿಗೆ ವಾಸನೆ ಆಗುವುದಿಲ್ಲವಂತೆ. ಒಳಗೆ ಬಿದಿರ ತಟ್ಟೆಗಳಲ್ಲಿ ಬೆರಳಿನ ಉಗುರಿನಷ್ಟು ಹುಳುಗಳು. ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತವೆ. ಅದಕ್ಕೆ ಇವರು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಗೂಡು ಕಟ್ಟುವವರೆಗೆ ಹಗಲೂ ರಾತ್ರಿ ತಿನ್ನುತ್ತವೆ, ಸೊಪ್ಪು ಬಾಡಿದರೆ ಮುಟ್ಟುವುದಿಲ್ಲ. ಹಾರ್ನ್ ಒತ್ತಿ ಹಿಡಿಯುತ್ತಿದ್ದದ್ದು ಅದಕ್ಕೆ. ನಾನು ಅದನ್ನು ಸೊಕ್ಕು ಎಂಬಂತೆ ನಿನಗೆ ಬರೆದಿದ್ದೆ.

ಕಲ್ಲು ನೆಟ್ಟ ವಾರ ಅವರ ಹಿಂದಿನ ಬೆಳೆಯ ಹುಳು ಅದೇ ಹಸಿವಿನಲ್ಲಿದ್ದವು. ಹೊತ್ತು ತಂದ ಸೊಪ್ಪು ಸಾಲದೆ, ಹೊಗೆ ತಾಳದೆ ಅರ್ಧಕ್ಕರ್ಧ ಸತ್ತವು. ಹುಳುಮನೆಯ ಗಾಳಿಕಿಂಡಿ ಇರುವುದು ಕಲ್ಲಿನ ಕಡೆಗೇ.

“ಕಿಂಡಿ ಮುಚ್ಚಿದ್ರೆ ಸೆಕೆಗೆ ಸಾಯ್ತವೆ, ತೆಗೆದ್ರೆ ಹೊಗೆಗೆ ಸಾಯ್ತವೆ. ದೇವುಡು ದಾರೀಲಿ ಕೂತ್ಬುಟ್ರೆ ಯಾರನ್ನ ಬೈಯೋಣ? ಈ ಬೆಳೇನೂ ಹೋದ್ರೆ ಸೊಪ್ಪಿನ ತೋಟ ಕಿತ್ತಾಕಿ ಟೆಂಪೋ ಮಾರ್ಬಿಡ್ತೀನಿ, ಕೂಲಿಗೆ ಹೋಗ್ತೀನಿ ಅಂತಾನೆ ಕದಿರೇಶ.”

ಒಂದು ತಟ್ಟೆಗೆ ಸೊಪ್ಪು ಹರಡಿ ನನ್ನ ಕಡೆ ತಿರುಗಿದರು.

“ನೀನೇನ್ ಬೇಜಾರ್ ಮಾಡ್ಕೋಬ್ಯಾಡ ತಲ್ಲಿ. ನಾನೂ ದಿನಾ ಬೆಳಿಗ್ಗೆ ಎದ್ದು ಒಂದ್ ಲೋಟ ಹಾಲು ಹಾಕ್ತೀನಿ. ನಿಂಗೆ ಒಳ್ಳೇ ಗಂಡು ಸಿಗ್ಲಿ ಅಂತ ಕೇಳ್ಕೊಳ್ತೀನಿ. ನಿನ್ ಮದ್ವೆ ಆಗ್ಬುಟ್ರೆ ಅರಕೆ ತೀರ್ತದೆ, ನಿಮ್ಮಪ್ಪ ದಾರಿ ಬುಡ್ತಾರೆ. ಇಬ್ರುಗೂ ಒಳ್ಳೇದಲ್ವಾ?”

ಧೂಪವನ್ನು ಒಂದಿಷ್ಟು ದಿನ ನಿಲ್ಲಿಸಿ ಅಂತ ನಿಮ್ಮಪ್ಪನಿಗೆ ಹೇಳು ಅಂದರು. ರಾತ್ರಿ ಊಟದಲ್ಲಿ ಹೇಳಿದೆ. ಅಪ್ಪ ಕಾಲು ನೀಡಿಕೊಂಡು, “ದೇವರಿಗೆ ಬೇಸಿಗೆ ರಜೆ ಕೊಡೋಕಾಗ್ತದೇನೇ?” ಅಂದರು. ಅಣ್ಣ ನಕ್ಕ. ಅಮ್ಮ ನನಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಕಲ್ಲಿನ ಬಗ್ಗೆ ನಿಮ್ಮ ತಂದೆಯನ್ನು ಕೇಳು. ನೆಟ್ಟದ್ದನ್ನು ಎತ್ತುವ ದಾರಿ ಏನಾದರೂ ಇದೆಯೇ?

ಧನಶ್ರೀ


ಶಿವಾರಪಟ್ಟಣ
೧೯ ಮಾರ್ಚ್ ೨೦೨೫

ಧನಾ,

ತಪ್ಪು ತಿಳಿದುಕೊಂಡಿದ್ದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಅಪ್ಪನನ್ನು ಕೇಳಿದೆ. ಉಳಿ ಕೆಳಗಿಡದೆ, “ಸಂಕಲ್ಪ ಯಾರ ಹೆಸರಲ್ಲಿ ಆಗಿದೆ? ಆ ಹುಡುಗೀನೇ ಈ ಸಂಕಲ್ಪ ನಂದಲ್ಲ ಅಂದ್ರೆ ಆಮೇಲೆ ಪೂಜೆ ಯಾರಿಗೆ? ಕಳಸ ಇಟ್ಟು ಕಲ್ಲಿನ ಶಕ್ತಿ ಅದಕ್ಕೆ ಇಳಿಸಿ ಎತ್ತಬಹುದು” ಅಂದರು. ಆದರೆ ಅದನ್ನು ನೀನು ಮಾಡು ಅಂತ ನಾನು ಹೇಳುತ್ತಿಲ್ಲ. ಯೋಚನೆ ಮಾಡು. ನಾಗಪ್ಪನನ್ನು ಬೇಡ ಅಂದ ಹುಡುಗಿ ಅಂತ ಹೆಸರು ಬಂದರೆ ಶ್ರೀನಿವಾಸಪುರದಿಂದ ಮಾಲೂರಿನವರೆಗೆ ಯಾರೂ ನಿಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ. ಇಲ್ಲದ ದೋಷ ಆಗ ನಿಜವಾಗಿ ಅಂಟಿಕೊಳ್ಳುತ್ತದೆ. ಹುಳು ಸತ್ತರೆ ಅವರು ಇನ್ನೊಮ್ಮೆ ಸಾಕಿಕೊಳ್ಳುತ್ತಾರೆ. ನಿನಗೆ ಇನ್ನೊಂದು ಹೆಸರು ಸಿಗುವುದಿಲ್ಲ.

ಇನ್ನೊಂದು ವಿಷಯ. ನಿಮ್ಮಪ್ಪ ಯಾರ್‍ಯಾರಿಗೋ ಹೇಳಿ, ಮುಳಬಾಗಿಲು ಕಡೆಯಿಂದಲೂ ಕೋಲಾರದಿಂದಲೂ ಅಂಥದ್ದೇ ಕಲ್ಲಿಗೆ ಗಿರಾಕಿಗಳು ಬಂದಿದ್ದಾರೆ. “ಗಾಡಿ ತಡೆಯೋ ನಾಗಪ್ಪ ಇದ್ಯಂತಲ್ಲ, ಅದು ಕೊಡಿ” ಅಂತ ಕೇಳುತ್ತಾರೆ. ಅಪ್ಪ ಕೆಲಸ ಶುರು ಮಾಡಿದ್ದಾರೆ. ನೀನು ಏನೇ ಮಾಡಿದರೂ ನಮ್ಮ ಅಂಗಡಿಯ ಹೆಸರು ಎತ್ತಬೇಡ. ಇದೊಂದು ಕೇಳಿಕೊಳ್ಳುತ್ತೇನೆ.

ಸುಮ್ಮನಿರುವುದು ನಿನಗೆ ಚೆನ್ನಾಗಿ ಬರುತ್ತದೆ ಕಣೇ. ಈ ಸಲವೂ ಇದ್ದುಬಿಡು.

ಶ್ರೀವಾಣಿ


ಯಲ್ದೂರು
೨೪ ಮಾರ್ಚ್ ೨೦೨೫

ಶ್ರೀವಾಣಿಗೆ,

ಹೊಸ ಗಿರಾಕಿಗಳು ಬಂದದ್ದಕ್ಕೆ ಅಭಿನಂದನೆ. ಜಿಲ್ಲೆಯ ದಾರಿಗಳಲ್ಲೆಲ್ಲ ಹೆಡೆ ಎದ್ದು ನಿಲ್ಲಲಿ. ನಿಮ್ಮ ಅಂಗಡಿಯ ಹೆಸರು ನನ್ನ ಬಾಯಿಂದ ಬರುವುದಿಲ್ಲ, ನಿಶ್ಚಿಂತೆಯಿಂದಿರು. ಅದರ ಅಗತ್ಯವೂ ಇಲ್ಲ.

ಹುಳು ಇನ್ನೊಮ್ಮೆ ಸಾಕಿಕೊಳ್ಳುತ್ತಾರೆ ಎಂದು ಬರೆದಿದ್ದೀಯಾ. ಆ ಸಾಲನ್ನು ಎರಡು ಸಲ ಓದಿದೆ. ಫೆಬ್ರವರಿಯಲ್ಲಾಗಿದ್ದರೆ ನಾನೇ ಅದನ್ನು ಬರೆದು, ಚೆನ್ನಾಗಿ ಬರೆದೆ ಅಂದುಕೊಳ್ಳುತ್ತಿದ್ದೆ. ಅವರನ್ನು ಕೀಳಾಗಿ ನೋಡಲು ನಮಗಿದ್ದ ಅರ್ಹತೆ ಒಂದು ತಪ್ಪಾದ ಒತ್ತು, ಅಷ್ಟೇ.

ಹುಳು ಮೊನ್ನೆ ನಾಲ್ಕನೇ ಜ್ವರದಿಂದ ಎದ್ದಿವೆ. ಹೋಗಿ ನೋಡಿದೆ. ಎಲ್ಲವೂ ಒಟ್ಟಿಗೆ ಎಲೆ ಕತ್ತರಿಸುವ ಸದ್ದು ಒಣಹುಲ್ಲಿನ ಮೇಲೆ ಯಾರೋ ನಡೆದಂತೆ ಕೇಳುತ್ತದೆ. ಗಾಳಿಕಿಂಡಿಗೆ ಒದ್ದೆ ಗೋಣಿಚೀಲ ಕಟ್ಟಿದ್ದಾರೆ. ಮುನಿಯಲ್ಲಮ್ಮನ ನಡುನೆತ್ತಿಯಲ್ಲಿ ಹೊರೆಯ ಸಿಂಬಿ ಕೂತ ಕಡೆ ಕೂದಲು ಉದುರಿದೆ. ಕದಿರೇಶ ನನ್ನನ್ನು ನೋಡಿ ಎದ್ದು ನಿಂತ, ಮೇಷ್ಟ್ರ ಮಗಳು ಅಂತ. ಅವನ ಜೊತೆ ಮಾತಾಡಿದೆ.

ಯುಗಾದಿಗೆ ಮುಂಚೆ, ಈ ಶುಕ್ರವಾರ, ಕಲ್ಲಿನ ಸುತ್ತ ಕಟ್ಟೆ ಕಟ್ಟಿಸಿ ಶೀಟು ಹಾಕಿಸುವುದು ಅಪ್ಪನ ಯೋಜನೆ. ಕಟ್ಟೆ ಬಂದರೆ ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಜಲ್ಲಿ ಬಂದು ಬಿದ್ದಿದೆ. ಪಿ.ಡಿ.ಓ. ಅವರನ್ನೂ ಪೂಜೆಗೆ ಕರೆದಿದ್ದಾರೆ, ಬರುತ್ತೇನೆ ಅಂದಿದ್ದಾರಂತೆ. ಬೀದಿಯವರೆಲ್ಲ ಇರುತ್ತಾರೆ. ಇವತ್ತು ಅಪ್ಪ ನನ್ನನ್ನು ಕರೆದು, ಹತ್ತನೇ ಕ್ಲಾಸಿನ ಹುಡುಗಿಗೆ ಹೇಳುವ ಹಾಗೆ ಹೇಳಿದರು: “ಮತ್ತೆ ಸಂಕಲ್ಪ ಇದೆ. ಅರ್ಚಕರು ಕೇಳಿದಾಗ ಮುಂದೆ ಬಂದು ಗಟ್ಟಿಯಾಗಿ ಹೇಳು. ಹೋದ್ ಸಲ ಯಾರಿಗೂ ಕೇಳಿಸಲಿಲ್ಲ.”

“ಆಗಲಿ ಅಪ್ಪ” ಅಂದೆ. ಅವರಿಗೆ ಸಂತೋಷವಾಯಿತು.

ನಿನ್ನ ಎಚ್ಚರಿಕೆ ಸರಿಯಾದದ್ದೇ. ನನಗೆ ಹೆಸರು ಬರುತ್ತದೆ. ಮಾಲೂರಿನವರೆಗೂ ಹೋಗಲಿ. ನನ್ನ ಹೆಸರನ್ನು ನನ್ನ ಕೇಳದೆ ದಾರಿಗೆ ಹಾಕಿದವರು ನನ್ನ ಮನೆಯವರೇ. ಅದನ್ನು ಎತ್ತಿಕೊಳ್ಳುವಾಗ ಒಂದಷ್ಟು ಮಣ್ಣು ಮೆತ್ತಿಕೊಂಡೇ ಬರುತ್ತದೆ. ಇಂಥ ಮನೆಯ ಮೆಟ್ಟಿಲು ಹತ್ತದೆ ಹೋಗುವವರು ನನಗೆ ದೊಡ್ಡ ನಷ್ಟವೇನೂ ಮಾಡುವುದಿಲ್ಲ.

ಕಳಸಕ್ಕೆ ಬೇಕಾದದ್ದನ್ನು ಪಕ್ಕದಲ್ಲಿಟ್ಟುಕೊಂಡಿರಿ ಅಂತ ಅರ್ಚಕರ ಮನೆಗೆ ಹೋಗಿ ಹೇಳಿ ಬಂದೆ. ಯಾಕೆ ಅಂತ ಅವರು ಕೇಳಲಿಲ್ಲ, ಕಳಸದ ಚೊಂಬು ತೆಗೆದು ಚೀಲಕ್ಕೆ ಹಾಕಿಕೊಂಡರು. ಶುಕ್ರವಾರ ಮಧ್ಯಾಹ್ನದ ಸೊಪ್ಪನ್ನು ಟೆಂಪೋದಲ್ಲೇ ತಾ ಅಂತ ಕದಿರೇಶನಿಗೆ ಹೇಳಿದ್ದೇನೆ. ಅವನು ನಂಬಿಲ್ಲ. ತರುತ್ತಾನೆ.

ಅಮ್ಮ ಹಸಿರು ರೇಷ್ಮೆ ಸೀರೆ ತೆಗೆದು ಮಡಿಕೆ ಬಿಡಿಸಿ ಹಾಕಿದ್ದಾಳೆ. ಉಟ್ಟುಕೊಳ್ಳುತ್ತೇನೆ. ಅರ್ಚಕರು ಯಾರ ಹೆಸರಲ್ಲಿ ಎಂದು ಕೇಳುವವರೆಗೆ ಸುಮ್ಮನೆ ನಿಂತಿರುತ್ತೇನೆ.

ಧನಶ್ರೀ